ಕಲಂ 2.1.1ರ ಸನ್ನಿಧಾನಕ್ಕೆ ಒಂದು ಅರಿಕೆ

ಇವರಿಗೆ,
ಮಾನ್ಯ ಕಲಂ 2.1.1 ಅವರು,
ವಿಶ್ವ ಉದ್ದೀಪನ ಮದ್ದು ತಡೆ ಸಂಹಿತೆ,
ಮೊಕ್ಕಾಂ: ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ (ವಾಡಾ) ಕೇಂದ್ರ ಕಚೇರಿ, ಮಾಂಟ್ರಿಯಲ್, ಕೆನಡಾ.

ವಿಷಯ: ತಮ್ಮ ದೃಷ್ಟಿಯನ್ನು ಆಟಗಾರರ ಬಾಯಿಯಿಂದ ಸ್ವಲ್ಪ ಸರಿಸಿ, ಆ ಬಾಯಿಗೆ ಮಾತ್ರೆ ಹಾಕಿದ ಕೈಯ ಮೇಲೂ ಬೀರುವಂತೆ ಕೋರಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಓಟಗಾರನಲ್ಲ, ಜಟ್ಟಿಯಲ್ಲ. ಬಸ್ಸಿನ ಹಿಂದೆ ಓಡುವುದನ್ನೂ ಬಿಟ್ಟವನು. ನಾನು ಕುಡಿದ ಕೆಮ್ಮಿನ ಔಷಧಿಯ ಲೆಕ್ಕವನ್ನು ಹೆಂಡತಿಯೂ ಕೇಳುವುದಿಲ್ಲ. ಹೀಗಾಗಿ ತಮಗೆ ಹೆದರದೆ ಕಾಗದ ಬರೆಯುವ ಸೌಲಭ್ಯ ನನಗಿದೆ. ಆ ಸೌಲಭ್ಯ ಇಲ್ಲದವರ ಪರವಾಗಿ ಈ ಅರ್ಜಿ.

ಮೊದಲಿಗೆ ತಮ್ಮ ಸರಳತೆಗೆ ಒಂದು ದೊಡ್ಡ ನಮಸ್ಕಾರ. ನಿಷೇಧಿತ ವಸ್ತು ತನ್ನ ದೇಹದೊಳಗೆ ಹೋಗದಂತೆ ನೋಡಿಕೊಳ್ಳುವುದು ಆಟಗಾರನ ಸ್ವಂತ ಕರ್ತವ್ಯ, ಇಷ್ಟೇ ತಮ್ಮ ಉಪದೇಶ. ಬೇಕೆಂದೇ ನುಂಗಿದನೋ, ತಿಳಿಯದೆ ನುಂಗಿದನೋ, ಯಾರೋ ಬೆರೆಸಿ ಕೊಟ್ಟರೋ, ತಪ್ಪು ನಡೆಯಿತೆಂದು ಹೇಳಲು ಇದ್ಯಾವುದನ್ನೂ ಸಾಬೀತು ಮಾಡುವ ಗೋಜು ತಮಗಿಲ್ಲ. ಮೂತ್ರದ ಬಾಟಲಿಯಲ್ಲಿ ಸಿಕ್ಕಿತೇ? ಮುಗಿಯಿತು. ಅದು ಒಳಗೆ ಹೇಗೆ ಬಂತು ಎಂದು ತೋರಿಸಿ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ಕೆಲಸವೂ ಆಟಗಾರನದೇ. ನಮ್ಮ ಕೋರ್ಟುಗಳಲ್ಲಿ ಕೊಲೆ ಆರೋಪಿಗೂ ಸಂಶಯದ ಲಾಭ ಸಿಗುತ್ತದೆ. ತಮ್ಮಲ್ಲಿ ಸಂಶಯ ಪೂರಾ ತಮ್ಮದು, ಲಾಭವೂ ತಮ್ಮದು. ನಮ್ಮ ಹಿರಿಯರು ‘ಮಾಡಿದ್ದುಣ್ಣೋ ಮಹಾರಾಯ’ ಅಂದರು. ತಾವು ಅದನ್ನು ಇನ್ನೂ ಚಿಕ್ಕದು ಮಾಡಿದ್ದೀರಿ: ಉಂಡೆಯಾ? ಅನುಭವಿಸು.

ತಾವು ಏಕೆ ಹುಟ್ಟಿದಿರಿ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ತಾವಿಲ್ಲದಿದ್ದರೆ ಸಿಕ್ಕಿಬಿದ್ದವರೆಲ್ಲ ‘ನಂಗೇನೂ ಗೊತ್ತಿಲ್ಲ ಸಾರ್’ ಎಂದು ಕೈ ಒದರಿಕೊಂಡು ಮತ್ತೆ ಟ್ರ್ಯಾಕಿಗೆ ಇಳಿಯುತ್ತಿದ್ದರು. ಅದರಲ್ಲೂ ನಮ್ಮ ದೇಶದ ಹೆಸರು ತಮ್ಮ ಕಡತದಲ್ಲಿ ದಪ್ಪ ಅಕ್ಷರದಲ್ಲಿದೆ. 2023ರಲ್ಲಿ ಭಾರತದಲ್ಲಿ ಪರೀಕ್ಷಿಸಿದ 5606 ಮಾದರಿಗಳಲ್ಲಿ 213 ಪಾಸಿಟಿವ್. ಪದಕ ಪಟ್ಟಿಯಲ್ಲಿ ತಡಕಾಡಿ ಹುಡುಕಬೇಕಾದ ನಮ್ಮ ಹೆಸರು ಈ ಪಟ್ಟಿಯಲ್ಲಿ ಮೇಲೆಯೇ ಸಿಗುತ್ತದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ರಾಜ್ಯ ಮಟ್ಟದ ಕೂಟ ನಡೆಯುತ್ತಿತ್ತು. ಶೌಚಾಲಯದಲ್ಲಿ ಬಿದ್ದಿದ್ದ ಸಿರಿಂಜುಗಳ ವಿಡಿಯೊ ಹರಿದಾಡಿತು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯ (ನಾಡಾ) ಅಧಿಕಾರಿಗಳು ಬಂದರು. ಪುರುಷರ 100 ಮೀಟರ್ ಫೈನಲ್ಲಿಗೆ ಗೆರೆಯ ಮೇಲೆ ಉಳಿದವನು ಒಬ್ಬನೇ ಒಬ್ಬ. ಉಳಿದವರು ಅದಾಗಲೇ ಓಡಿಬಿಟ್ಟಿದ್ದರು, ಬೇರೆ ದಿಕ್ಕಿಗೆ. ಹೀಗಾಗಿ ತಮ್ಮನ್ನು ರದ್ದು ಮಾಡಿ ಎಂದು ನಾನು ಕೇಳುತ್ತಿಲ್ಲ.

ನನ್ನ ಅರಿಕೆ ಬೇರೆ. ಆ ಸಿರಿಂಜು ಶೌಚಾಲಯಕ್ಕೆ ನಡೆದುಕೊಂಡು ಬಂದದ್ದಲ್ಲವಲ್ಲ? ತಂದವರಿದ್ದಾರೆ, ಮಾರಿದವರಿದ್ದಾರೆ, ಚುಚ್ಚುವುದನ್ನು ಕಲಿಸಿದವರಿದ್ದಾರೆ, ಕಂಡೂ ಕಾಣದಂತೆ ಬಾಗಿಲು ಎಳೆದುಕೊಂಡು ಹೋದವರಿದ್ದಾರೆ. ಅವರಲ್ಲಿ ಕೆಲವರನ್ನು ಹಿಡಿಯಲು ತಮ್ಮ ಸೋದರ ಕಲಂ 2.8 ಇದ್ದಾರೆಂದು ಬಲ್ಲೆ. ಆಟಗಾರರಿಗೆ ಮದ್ದು ಕೊಟ್ಟವರಿಗೆ ನಾಲ್ಕು ವರ್ಷದಿಂದ ಆಜೀವ ನಿಷೇಧದವರೆಗೆ ವಿಧಿಸುವ ಅಧಿಕಾರ ಅವರಿಗಿದೆ. ಆದರೆ ಅವರು ಬಲು ಸಂಕೋಚದ ಸ್ವಭಾವದವರು. ಸಾಕ್ಷಿ ಬೇಕು, ತನಿಖೆ ಬೇಕು, ಯಾರಾದರೂ ಬಾಯಿಬಿಡಬೇಕು. ಮೂತ್ರ ಏನು ಒಳಗೆ ಹೋಯಿತೆಂದು ಹೇಳುತ್ತದೆ, ಯಾರು ಕೊಟ್ಟರೆಂದು ಹೇಳುವುದಿಲ್ಲ. ಹಾಗಾಗಿ ತಮ್ಮ ಮನೆತನದ ದುಡಿಮೆಯೆಲ್ಲ ತಮ್ಮೊಬ್ಬರ ಹೆಗಲಿಗೇ ಬಿದ್ದಿದೆ.

ತಾವು ದುಡಿಯುವ ಕೋಣೆಯನ್ನು ಒಮ್ಮೆ ನೋಡೋಣ. ಓಟ ಮುಗಿಸಿ ಏದುಸಿರು ಬಿಡುತ್ತಿರುವ ಹುಡುಗಿಯ ಬೆನ್ನಿಗೆ ಒಬ್ಬರು ಹತ್ತಿಕೊಳ್ಳುತ್ತಾರೆ, ಕೋಣೆಗೆ ತಲುಪಿಸುವವರೆಗೆ ಕಣ್ಣು ತೆಗೆಯುವುದಿಲ್ಲ. ಒಳಗೆ ಸೀಲು ಒಡೆಯದ ನೀರಿನ ಬಾಟಲಿಗಳಿವೆ. ಅವಳು ಒಂದಾದ ಮೇಲೊಂದು ಕುಡಿಯುತ್ತಾಳೆ, ಆದರೂ ಬರುವುದಿಲ್ಲ. ಬಂದಾಗ ತೋಳನ್ನು ಮೊಣಕೈ ಮೇಲಕ್ಕೆ ಮಡಚಿ, ಅಂಗಿಯನ್ನು ಮೇಲಕ್ಕೆತ್ತಿ, ಚಡ್ಡಿಯನ್ನು ಮಂಡಿಗಿಳಿಸಿ ನಿಲ್ಲಬೇಕು. ಎದುರಿಗೆ ಒಬ್ಬ ಮಹಿಳಾ ಅಧಿಕಾರಿ ನೆಟ್ಟ ದೃಷ್ಟಿಯಿಂದ ನೋಡುತ್ತಿರುತ್ತಾರೆ. 90 ಮಿಲಿ ಲೀಟರ್ ಆಗಬೇಕು. 70 ಆದರೆ ಅದಕ್ಕೆ ಸೀಲು ಹಾಕಿಟ್ಟು ಮತ್ತೆ ಕಾಯಬೇಕು. ಹೆಚ್ಚು ನೀರು ಕುಡಿದು ತೆಳುವಾಯಿತೋ, ಇನ್ನೊಂದು ಮಾದರಿ. ತನ್ನ ಕೈಯಾರೆ ಎ ಬಾಟಲಿಗೂ ಬಿ ಬಾಟಲಿಗೂ ಹಂಚಿ ಸುರಿದು ಮುಚ್ಚಳವನ್ನು ಕಟಕಟ ಎನ್ನುವಂತೆ ಬಿಗಿಯುತ್ತಾಳೆ. ಆಮೇಲೆ ಫಾರಂ: ಕಳೆದ ಏಳು ದಿನಗಳಲ್ಲಿ ತೆಗೆದುಕೊಂಡ ಮಾತ್ರೆ, ಟಾನಿಕ್, ಪುಡಿ ಎಲ್ಲ ಬರೆಯಿರಿ. ಅದೇ ಫಾರಮ್ಮಿನಲ್ಲಿ ಕೋಚ್ ಹೆಸರಿಗೂ ಒಂದು ಖಾನೆ ಇದೆ. ಬಾಟಲಿ ಮಾತ್ರ ಅವಳದೊಬ್ಬಳದೇ.

ಈಗ ನಮ್ಮೂರ ಕಡೆಯ ಒಂದು ಪ್ರಕರಣವನ್ನು ತಮ್ಮ ಗಮನಕ್ಕೆ ತರುತ್ತೇನೆ. ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯಿಂದ ಬಂದ ಅಶ್ವಿನಿ ಅಕ್ಕುಂಜಿ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 4x400 ಮೀಟರ್ ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, ಮತ್ತೆ ರಿಲೇ ಚಿನ್ನ. ಕುಂದಾಪುರದಿಂದ ದೆಹಲಿವರೆಗೆ ಹಾರ, ಶಾಲು, ಪೇಟ. 2011ರ ಮಧ್ಯದಲ್ಲಿ ಅವರೂ ಶಿಬಿರದ ಇತರ ಓಟಗಾರ್ತಿಯರೂ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಸರ್ಕಾರಿ ಶಿಬಿರದಲ್ಲಿ, ಸರ್ಕಾರವೇ ನೇಮಿಸಿದ ಉಕ್ರೇನಿನ ಕೋಚ್, ಚೀನಾದಿಂದ ತಂದುಕೊಟ್ಟ ಜಿನ್ಸೆಂಗನ್ನು ನಾವು ನುಂಗಿದೆವು, ಬೇರೇನೂ ಗೊತ್ತಿಲ್ಲ ಎಂದರು. ಡಬ್ಬಿಯ ಮೇಲೆ ‘ಸ್ಟೆರಾಯ್ಡ್’ ಎಂದು ಬರೆದುಕೊಂಡು ಬರುವ ಸ್ಟೆರಾಯ್ಡ್ ಇನ್ನೂ ಹುಟ್ಟಿಲ್ಲವಾದ್ದರಿಂದ ನಾಡಾ ಸಮಿತಿ ಮಾತಿಗೆ ಒಂದಿಷ್ಟು ಬೆಲೆ ಕೊಟ್ಟು ಒಂದು ವರ್ಷಕ್ಕೆ ಬಿಟ್ಟಿತು. ತಮಗೆ ಅದು ಸಾಲಲಿಲ್ಲ. ಪ್ರಕರಣ ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿರುವ ಕ್ರೀಡಾ ನ್ಯಾಯ ಮಂಡಳಿಗೆ ಹೋಗಿ 2012ರಲ್ಲಿ ಎರಡು ವರ್ಷವಾಯಿತು. ಲಂಡನ್ ಒಲಿಂಪಿಕ್ಸನ್ನು ಅವರು ನಮ್ಮಂತೆಯೇ ಟಿವಿಯಲ್ಲಿ ನೋಡಿರಬೇಕು.

ಕೋಚ್ ಕತೆ ಏನಾಯಿತು ಅಂದಿರಾ? ಕ್ರೀಡಾ ಸಚಿವರು ಕೆಲಸದಿಂದ ತೆಗೆದರು. ಕೆಲವೇ ವರ್ಷಗಳಲ್ಲಿ ಅವರು ಮತ್ತೆ ಭಾರತದ ರಿಲೇ ಓಟಗಾರ್ತಿಯರಿಗೆ ತರಬೇತಿ ಕೊಡುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ನಾವು ಇದುವರೆಗೆ ಬೈಗುಳವಾಗಿ ಬಳಸುತ್ತಿದ್ದೆವು. ಅದು ಕಾರ್ಯವಿಧಾನವೂ ಆಗಬಲ್ಲದೆಂದು ತೋರಿಸಿಕೊಟ್ಟವರು ತಾವು.

ಈ ವಿದ್ಯೆ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ ಎಂಬುದು ಸಮಾಧಾನ. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ರೊಮೇನಿಯಾದ ಜಿಮ್ನಾಸ್ಟಿಕ್ಸ್ ಹುಡುಗಿ ಆಂಡ್ರಿಯಾ ರಡುಕಾನ್‌ಗೆ ಹದಿನಾರು ವರ್ಷ. ನೆಗಡಿಯಾಯಿತೆಂದು ತಂಡದ ವೈದ್ಯರೇ ಮಾತ್ರೆ ಕೊಟ್ಟರು. ಅದರಲ್ಲಿ ಆಗ ನಿಷೇಧಿತವಾಗಿದ್ದ ಸೂಡೊಎಫಿಡ್ರಿನ್ ಇತ್ತು, ವೈಯಕ್ತಿಕ ಆಲ್‌ರೌಂಡ್ ಚಿನ್ನ ಹೋಯಿತು. ತಮ್ಮ ಪಟ್ಟಿಯಿಂದ 2004ರಲ್ಲಿ ಆ ವಸ್ತುವೂ ಹೋಯಿತು, 2010ರಲ್ಲಿ ಇಂತಿಷ್ಟು ಪ್ರಮಾಣ ಮೀರಿದರೆ ಎಂಬ ಷರತ್ತಿನೊಡನೆ ಮರಳಿತು. ಪದಕ ಮರಳಲಿಲ್ಲ.

ಹಾಗಂತ ತಮಗೆ ಕರುಣೆಯೇ ಇಲ್ಲ ಎಂದರೆ ಬಾಯಲ್ಲಿ ಹುಳ ಬಿದ್ದೀತು. ಟೆನಿಸ್ ತಾರೆ ಯಾನಿಕ್ ಸಿನ್ನರ್ 2024ರ ಮಾರ್ಚಿನಲ್ಲಿ ಕ್ಲೋಸ್ಟೆಬಾಲ್ ಎಂಬ ಸ್ಟೆರಾಯ್ಡಿನ ಪರೀಕ್ಷೆಯಲ್ಲಿ ಸಿಕ್ಕರು. ಅವರ ಫಿಸಿಯೊ ಬೆರಳು ಕುಯ್ದುಕೊಂಡು ಆ ಮದ್ದಿದ್ದ ಸ್ಪ್ರೇ ಹೊಡೆದುಕೊಂಡಿದ್ದರು. ಅದೇ ಕೈಯಿಂದ ಮಾಲೀಸು ಮಾಡಿದಾಗ ಮದ್ದು ಚರ್ಮದ ಮೂಲಕ ಒಳಗೆ ಇಳಿಯಿತು, ಅದೂ ಮಾದರಿಯ ಒಂದು ಮಿಲಿ ಲೀಟರಿನಲ್ಲಿ ಸಿಕ್ಕಿದ್ದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ. ವಿವರಿಸಲು ತಜ್ಞರಿದ್ದರು, ವಕೀಲರಿದ್ದರು, ಸ್ಪ್ರೇಯ ರಸೀದಿ ಹುಡುಕಬಲ್ಲ ಸಿಬ್ಬಂದಿಯಿದ್ದರು. ಸ್ವತಂತ್ರ ಮಂಡಳಿ ತಪ್ಪಿಲ್ಲ ಎಂದಿತು, ವಾಡಾ ಮೇಲ್ಮನವಿ ಹಾಕಿತು, 2025ರ ಫೆಬ್ರವರಿಯಲ್ಲಿ ಮೂರು ತಿಂಗಳಿಗೆ ರಾಜಿಯಾಯಿತು. ಆ ಮೂರು ತಿಂಗಳಲ್ಲಿ ಒಂದು ಗ್ರ್ಯಾಂಡ್‌ಸ್ಲಾಂ ಟೂರ್ನಿಯೂ ಇರಲಿಲ್ಲ, ಪಂಚಾಂಗ ನೋಡಿ ಮುಹೂರ್ತ ಇಟ್ಟಂತೆ. ಅವರು ಮೋಸಗಾರರೆಂದು ನಾನು ಹೇಳುತ್ತಿಲ್ಲ, ವಾಡಾ ಕೂಡ ಹೇಳಲಿಲ್ಲ. ಅಶ್ವಿನಿ ಅವರದಕ್ಕೂ ಇದಕ್ಕೂ ಪ್ರಕರಣ ಬೇರೆ, ಕಾಲ ಬೇರೆ, ತಮ್ಮ ಸಂಹಿತೆಯ ಆವೃತ್ತಿಯೂ ಬೇರೆ, ಎಲ್ಲ ಒಪ್ಪಿದೆ. ಎರಡೂ ಕಡೆ ಮದ್ದು ತಲುಪಿಸಿದ್ದು ಬೇರೆಯವರ ಕೈ ಎಂಬುದೊಂದನ್ನೇ ನಾನು ನೋಡುತ್ತಿರುವುದು. ಆ ಕೈಯ ಕೆಲಸಕ್ಕೆ ಒಬ್ಬರಿಗೆ ಮೂರು ತಿಂಗಳು, ಇನ್ನೊಬ್ಬರಿಗೆ ಇಪ್ಪತ್ತನಾಲ್ಕು.

ನಮ್ಮ ಕ್ರಿಕೆಟ್ ಮಂಡಳಿ ಇದಕ್ಕಿಂತಲೂ ಚೆಂದದ ದಾರಿ ಕಂಡುಕೊಂಡಿತ್ತು. 2019ರಲ್ಲಿ ಪೃಥ್ವಿ ಶಾ ಅವರ ಮಾದರಿಯಲ್ಲಿ ಕೆಮ್ಮಿನ ಸಿರಪ್ಪಿನ ಟರ್ಬುಟಲಿನ್ ಸಿಕ್ಕಿತು. ಜುಲೈ ಕೊನೆಗೆ ಎಂಟು ತಿಂಗಳ ನಿಷೇಧ ಪ್ರಕಟವಾಯಿತು, ಆದರೆ ಹಿಂದಿನ ಮಾರ್ಚ್ 16ರಿಂದಲೇ ಜಾರಿ. ಆ ಮಾರ್ಚ್ ಮತ್ತು ಜುಲೈ ನಡುವೆ ಅವರು ಇಡೀ ಐಪಿಎಲ್ ಆಡಿ ಮುಗಿಸಿದ್ದರು. ನಿಷೇಧ ಅನುಭವಿಸುತ್ತಲೇ ಸಿಕ್ಸರ್ ಹೊಡೆಯುವ ಈ ಯೋಗ ಯಾವ ಅಥ್ಲೀಟಿಗೂ ಸಿದ್ಧಿಸಿಲ್ಲ. ಮರು ತಿಂಗಳೇ ಕ್ರಿಕೆಟ್ ಮಂಡಳಿ ನಾಡಾ ಅಧೀನಕ್ಕೆ ಬರಲು ಒಪ್ಪಿತು ಎಂಬುದನ್ನೂ ದಾಖಲಿಸುತ್ತೇನೆ.

ಅದಕ್ಕೆ ಮೊದಲು, 2009ರಲ್ಲಿ, ಅದೇ ಮಂಡಳಿ ‘ಇರುವ ಜಾಗ ತಿಳಿಸುವ’ ನಿಯಮವನ್ನು ಭದ್ರತೆ, ಖಾಸಗಿತನ ಎಂದು ತಳ್ಳಿಹಾಕಿತ್ತು. ನಿಯಮ ಹೀಗಿದೆ: ಪರೀಕ್ಷಾ ಪಟ್ಟಿಯಲ್ಲಿರುವ ಆಟಗಾರ ಮುಂದಿನ ಮೂರು ತಿಂಗಳು ಎಲ್ಲಿ ಮಲಗುತ್ತೇನೆ, ಎಲ್ಲಿ ಅಭ್ಯಾಸ ಮಾಡುತ್ತೇನೆ ಎಂದು ಮುಂಚೆಯೇ ತಿಳಿಸಬೇಕು. ಬೆಳಿಗ್ಗೆ 5ರಿಂದ ರಾತ್ರಿ 11ರೊಳಗೆ ದಿನಕ್ಕೊಂದು ಗಂಟೆ ಹೇಳಿದ ಜಾಗದಲ್ಲೇ ಇರಬೇಕು. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ, ಒಂದು ಹನಿ ಮದ್ದು ಮುಟ್ಟದವರಿಗೂ ಎರಡು ವರ್ಷದವರೆಗೆ ನಿಷೇಧ. ಫ್ರಾನ್ಸಿನ ಆಟಗಾರರು ಇದು ಅನ್ಯಾಯವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. ಖಾಸಗಿ ಬದುಕಿಗೆ ಅಡ್ಡಿಯಾಗುವುದು ನಿಜ, ಆದರೂ ಸಾರ್ವಜನಿಕ ಹಿತಕ್ಕಾಗಿ ಸಹಿಸಿಕೊಳ್ಳಿ ಎಂದು 2018ರಲ್ಲಿ ಉತ್ತರ ಬಂತು.

ಅದೇ ವರ್ಷ ಅದೇ ನ್ಯಾಯಾಲಯ ಇನ್ನೊಂದು ಮಾತನ್ನೂ ಹೇಳಿತು. ಜರ್ಮನಿಯ ಸ್ಕೇಟಿಂಗ್ ಪಟು ಕ್ಲಾಡಿಯಾ ಪೆಕ್‌ಸ್ಟೈನ್ ತನ್ನ ವಿಚಾರಣೆ ಎಲ್ಲರೆದುರು ನಡೆಯಲಿ ಎಂದು ಕೇಳಿದಾಗ ಲೂಸಾನ್ ಮಂಡಳಿ ಒಪ್ಪದೇ ಇದ್ದದ್ದು ತಪ್ಪು ಎಂದಿತು. ಮೂತ್ರ ಮಾಡುವಾಗ ಒಬ್ಬರು ನೋಡುತ್ತಿರಬೇಕು, ನ್ಯಾಯ ಮಾಡುವಾಗ ಯಾರೂ ನೋಡಬಾರದು ಎಂಬ ತಮ್ಮ ಬಳಗದ ಲಜ್ಜೆಯ ಕಲ್ಪನೆ ನನಗೆ ಇನ್ನೂ ಅರ್ಥವಾಗಿಲ್ಲ.

ತಮ್ಮ ಸಂಹಿತೆಯ ಟಿಪ್ಪಣಿಗಳ ಒಂದು ಭಾಗವನ್ನಂತೂ ಪ್ರತಿ ಮದುವೆ ಮಂಟಪದಲ್ಲಿ ಓದಿಸಬೇಕು. ಆಟಗಾರನ ಗಂಡನೋ ಹೆಂಡತಿಯೋ ಕೋಚೋ ಬೇಕೆಂದೇ ಊಟದಲ್ಲಿ ಮದ್ದು ಬೆರೆಸಿದರೂ ಆಟಗಾರ ಪೂರ್ತಿ ನಿರ್ದೋಷಿ ಎನಿಸಿಕೊಳ್ಳಲಾರ, ಏಕೆಂದರೆ ಯಾರ ಕೈಯಡುಗೆ ಉಣ್ಣಬೇಕೆಂದು ಆರಿಸಿಕೊಂಡವನು ಅವನೇ. ತತ್ವ ಅಮೋಘ: ನಂಬಿದವರ ತಪ್ಪಿಗೆ ನಂಬಿಕೆ ಇಟ್ಟವನೇ ಹೊಣೆ. ನನ್ನ ಬೇಡಿಕೆ ಈ ತತ್ವವನ್ನು ಸಡಿಲಿಸುವುದಲ್ಲ. ಅದನ್ನು ಎಲ್ಲರಿಗೂ ಹಂಚುವುದು. ಕೆಳಗಿನ ತಿದ್ದುಪಡಿಗಳನ್ನು ಪರಿಶೀಲಿಸಬೇಕಾಗಿ ವಿನಂತಿ:

1. ಶಿಬಿರದ ಆಟಗಾರ್ತಿ ಸಿಕ್ಕಿಬಿದ್ದರೆ ಆಕೆಯ ಕೋಚ್, ವೈದ್ಯ, ಫೆಡರೇಷನ್ ಕಾರ್ಯದರ್ಶಿ ಮೂವರೂ ಅದೇ ಕ್ಷಣದಿಂದ ತಪ್ಪಿತಸ್ಥರು. ಮದ್ದು ಹೇಗೆ ಬಂತೆಂದು ಅವರೇ ಸಾಬೀತು ಮಾಡಿ ಶಿಕ್ಷೆ ಇಳಿಸಿಕೊಳ್ಳತಕ್ಕದ್ದು. ‘ನಮ್ಮ ಗಮನಕ್ಕೆ ಬಂದಿರಲಿಲ್ಲ’ ಎಂಬ ವಾಕ್ಯವನ್ನು ನಿಷೇಧಿತ ಪಟ್ಟಿಗೆ ಸೇರಿಸತಕ್ಕದ್ದು.

2. ಫೆಡರೇಷನ್ ಪದಾಧಿಕಾರಿಗಳು ಮುಂದಿನ ಮೂರು ತಿಂಗಳು ದಿನಕ್ಕೊಂದು ಗಂಟೆ ಎಲ್ಲಿ ಸಿಗುತ್ತಾರೆಂದು ಮುಂಚೆಯೇ ತಿಳಿಸತಕ್ಕದ್ದು. ಹನ್ನೆರಡು ತಿಂಗಳಲ್ಲಿ ಮೂರು ಸಲ ಸಿಗದಿದ್ದರೆ ಪದವಿ ಖಾಲಿ. ಎಲ್ಲ ಫೆಡರೇಷನ್ನುಗಳೂ ಒಂದೇ ವರ್ಷದಲ್ಲಿ ಖಾಲಿಯಾದರೆ ಅದನ್ನು ಸಾರ್ವಜನಿಕ ಹಿತವೆಂದು ಸಹಿಸಿಕೊಳ್ಳತಕ್ಕದ್ದು.

3. ಕ್ರೀಡಾಂಗಣದ ಶೌಚಾಲಯದಲ್ಲಿ ಸಿರಿಂಜು ಸಿಕ್ಕರೆ ಅದು ಕೂಟ ನಡೆಸಿದವರ ದೇಹದಲ್ಲೇ ಸಿಕ್ಕಿತೆಂದು ಭಾವಿಸತಕ್ಕದ್ದು.

4. ಲೂಸಾನ್‌ವರೆಗೆ ಹೋಗಲಾಗದ ಆಟಗಾರರಿಗೆ ತಜ್ಞ, ವಕೀಲ, ಪ್ರಯೋಗಾಲಯದ ಖರ್ಚನ್ನು ಗೆದ್ದ ದಿನ ಹಾರ ಹಾಕಲು ಮುಗಿಬಿದ್ದವರಿಂದ ತಲಾವಾರು ವಸೂಲು ಮಾಡತಕ್ಕದ್ದು. ಫೋಟೊಗಳು ಇರುವುದರಿಂದ ಗುರುತಿಸುವುದು ಕಷ್ಟವಾಗದು.

ಈ ನಾಲ್ಕು ಜಾರಿಯಾದ ಮೇಲೆ ತಾವು ಆ ಹುಡುಗಿಯನ್ನು ಎಷ್ಟು ಬೇಕಾದರೂ ಗದರಿಸಿ, ನಾನು ತುಟಿ ಎರಡು ಮಾಡುವುದಿಲ್ಲ.

ಇಂತಿ,
ತಮ್ಮ ಆಜ್ಞಾಧಾರಕ,
ಪಟ್ಟಿಯಲ್ಲಿಲ್ಲದ ಒಬ್ಬ ಪ್ರೇಕ್ಷಕ

ಪ್ರತಿಗಳು: ಎಲ್ಲ ಕ್ರೀಡಾ ಫೆಡರೇಷನ್ನುಗಳ ಕಾರ್ಯದರ್ಶಿಗಳಿಗೆ, ಮಾಹಿತಿಗಾಗಿ ಹಾಗೂ ಎಂದಿನಂತೆ ಕಡತದಲ್ಲಿಡಲು.

ಸೂಚನೆ: ಈ ಲಕೋಟೆಯಲ್ಲಿ ಕಾಗದದ ಜೊತೆ ಯಾವುದಾದರೂ ಬಿಳಿ ಪುಡಿಯೋ ಮಾತ್ರೆಯೋ ಸಿಕ್ಕರೆ ಕಳಿಸಿದವನನ್ನು ಕೇಳುವಂತಿಲ್ಲ. ಲಕೋಟೆ ಈಗ ತಮ್ಮ ಕೈಯಲ್ಲಿದೆ. ಅದು ಒಳಗೆ ಹೇಗೆ ಬಂತೆಂದು ಸಾಬೀತು ಮಾಡುವುದು ತಮ್ಮ ಸ್ವಂತ ಕರ್ತವ್ಯ.