ಟ್ಯಾಬ್ಲೆಟ್ ವಧೆ

ಅಮ್ಮನ ಟ್ಯಾಬ್ಲೆಟ್ಟು ಕೆಟ್ಟಿರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಒಪ್ಪದಿದ್ದರೂ ನನ್ನ ಹೆಂಡತಿ ಮನೆಗೆ ಬಂದವರಿಗೆಲ್ಲ ಕಾಫಿ ಲೋಟದ ಜೊತೆ ಅದನ್ನೇ ಕೊಡುತ್ತಿದ್ದಾಳೆ. ನಿಧಾನವಾಗಿತ್ತು, ಅಷ್ಟೇ. ಅಮ್ಮ ಬೆಳಿಗ್ಗೆ ಗುಂಡಿ ಒತ್ತಿ, ಸ್ನಾನ, ದೇವರ ದೀಪ, ತಿಂಡಿ ಮುಗಿಸಿ ಬರುವಷ್ಟರಲ್ಲಿ ಅದು ಎದ್ದಿರುತ್ತಿತ್ತು. ಆಮೇಲೆ ಸಂಜೆಯವರೆಗೆ ಯಕ್ಷಗಾನ. ಇಬ್ಬರಿಗೂ ಅವಸರವಿರಲಿಲ್ಲ. ಅವಸರವಾದದ್ದು ನನಗೆ.

“ಲಿನಕ್ಸ್ ಹಾಕಿದ್ರೆ ಜಿಂಕೆ ಥರ ಓಡತ್ತೆ. ಅರ್ಧ ಗಂಟೆ ಕೆಲಸ” ಅಂದೆ ಒಂದು ಭಾನುವಾರ.

“ಮಿಕ್ಸಿಗೂ ಅರ್ಧ ಗಂಟೆ ಅಂದಿದ್ರಿ” ಅಂದಳು ಹೆಂಡತಿ. ಆ ಮಿಕ್ಸಿಯ ಸುದ್ದಿ ಇಲ್ಲಿ ಬೇಡ.

2015ರಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದ ಟ್ಯಾಬ್ಲೆಟ್ಟದು. 2 ಜಿಬಿ ರ‍್ಯಾಮ್, 32 ಜಿಬಿ ಜಾಗ, ಆಟಮ್ ಜೆಡ್3735ಎಫ್ ಪ್ರೊಸೆಸರು, ಮೈಯಲ್ಲೆಲ್ಲ ಹುಡುಕಿದರೂ ಯುಎಸ್‌ಬಿ ತೂತು ಒಂದೇ ಒಂದು. ಪೆನ್‌ಡ್ರೈವು, ಕೀಬೋರ್ಡು ಎರಡೂ ಅದರಲ್ಲೇ ತೂರಬೇಕಾದ್ದರಿಂದ ಹಬ್ ಒಂದನ್ನು ಕೊಂಡೆ. ಹಬ್ ಚುಚ್ಚಿದರೆ ಚಾರ್ಜರಿಗೆ ಜಾಗವಿಲ್ಲ. ಅಂದರೆ ನಾನು ಮಾಡುವ ಎಲ್ಲ ಘನಕಾರ್ಯವೂ ಬ್ಯಾಟರಿ ಮುಗಿಯುವುದರೊಳಗೆ ಆಗಬೇಕು.

ಪೆನ್‌ಡ್ರೈವ್ ಹಾಕಿದೆ. ಟ್ಯಾಬ್ಲೆಟ್ಟು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಿದೆ. ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿದೆ. ಅದರ ಜಾತಕವೇ ಸರಿಯಿಲ್ಲವೆಂದು ಹೊಸದನ್ನು ತಂದೆ. ಹೀಗೆ ಎರಡು ಭಾನುವಾರ ಕಳೆದ ಮೇಲೆ ಗುಟ್ಟು ತಿಳಿಯಿತು. ಒಳಮನೆಯಲ್ಲಿರುವ ಯಜಮಾನ, ಅಂದರೆ ಪ್ರೊಸೆಸರು, 64 ಬಿಟ್ಟಿನವನು. ಆದರೆ ಜಗಲಿಯಲ್ಲಿ ಕೂತ ಅಜ್ಜ, ಅಂದರೆ ಫರ್ಮ್‌ವೇರು, 32 ಬಿಟ್ಟಿನವರು. ಗುಂಡಿ ಒತ್ತಿದಾಗ ಮೊದಲು ಏಳುವವರು ಅಜ್ಜ. ಬಂದ ಬೂಟ್‌ಲೋಡರು, ಅಂದರೆ ಲಿನಕ್ಸನ್ನು ಎಬ್ಬಿಸುವ ಆಳು, ಅವರಿಗೆ ಅರ್ಥವಾಗುವ ಮಾತಾಡಿದರೆ ಮಾತ್ರ ಒಳಗೆ ಬಿಡುತ್ತಾರೆ. ನನ್ನ ಪೆನ್‌ಡ್ರೈವಿನಲ್ಲಿ ಇದ್ದದ್ದು ‘ಬೂಟ್‌ಎಕ್ಸ್64’ ಎಂಬ ಕಡತ. ಅಜ್ಜ ಹುಡುಕುತ್ತಿದ್ದದ್ದು ‘ಬೂಟ್‌ಐಎ32’. “ನೀನು ಯಾರು, ಯಾಕೆ ಬಂದೆ” ಎಂದಾದರೂ ಕೇಳಬಾರದೇ? ಇಲ್ಲ, ಎಲೆಯಡಿಕೆ ಹಾಕಿಕೊಂಡವರಂತೆ ಸುಮ್ಮನೆ ಕೂತಿದ್ದರು.

ನಾನು ಕಾಲೇಜಿನಲ್ಲಿದ್ದಾಗ ಲಿಲೋ ಎಂಬ ಬೂಟ್‌ಲೋಡರಿತ್ತು. ಅದು ಒಂದೊಂದು ಹಂತ ದಾಟಿದಾಗಲೂ ತನ್ನ ಹೆಸರಿನ ಒಂದೊಂದು ಅಕ್ಷರ ಬರೆಯುತ್ತಿತ್ತು. ‘ಎಲ್‌ಐ’ ಎಂದು ಬರೆದು ನಿಂತರೆ ಯಾವ ಹಂತದಲ್ಲಿ ಪ್ರಾಣ ಹೋಯಿತೆಂದು ಹೇಳಬಹುದಿತ್ತು. ಸತ್ತರೆ ಹಾಗೆ ಸಾಯಬೇಕು, ವಿಳಾಸ ಕೊಟ್ಟು.

ಇಂಥ ಅಜ್ಜನ ಮೂಲಕ 64 ಬಿಟ್ಟಿನ ಲಿನಕ್ಸನ್ನು ಎಬ್ಬಿಸುವ ದಾರಿ 2014ರಲ್ಲೇ, ಅದರ ತಿರುಳಾದ ಕರ್ನೆಲ್ಲಿನ 3.15ನೇ ಆವೃತ್ತಿಯಲ್ಲೇ ಬಂದಿದೆ ಎಂದು ಗೊತ್ತಾಯಿತು. ಆ 32 ಬಿಟ್ಟಿನ ಕಡತವನ್ನು ಹುಡುಕಿ ತಂದು ಪೆನ್‌ಡ್ರೈವಿಗೆ ಹಾಕಿದೆ. ಅಜ್ಜ ಬಾಗಿಲು ತೆರೆದರು! ಇನ್‌ಸ್ಟಾಲರ್ ಎದ್ದು, ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ ಎಂದು ಕೇಳಿತು. ಉತ್ತರಕುಮಾರನ ಗತ್ತಿನಲ್ಲಿ ‘ಹೂಂ’ ಒತ್ತಿದೆ. ಎಲ್ಲ ಅಳಿಯಿತು, ಲಿನಕ್ಸ್ ಕೂತಿತು, ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿದೆ. ಕತ್ತಲೆ. ಆ ಇನ್‌ಸ್ಟಾಲರ್ ಮಹಾಶಯ ಡಿಸ್ಕಿಗೂ 64 ಬಿಟ್ಟಿನ ಗ್ರಬ್ ಎಂಬ ಬೂಟ್‌ಲೋಡರನ್ನೇ ಹಾಕಿ ಹೋಗಿದ್ದ. ಈಗ ಹಳೆಯದೂ ಇಲ್ಲ, ಹೊಸದೂ ಏಳುತ್ತಿಲ್ಲ.

“ಎಂತದಾ ತಮಾ, ಇವತ್ತು ಆಟ ಇಲ್ಲ್ಯ?” ಅಂದಳು ಅಮ್ಮ.

“ಚೌಕಿಯಲ್ಲಿ ಬಣ್ಣ ಹಚ್ತಾ ಇದ್ದಾರೆ ಅತ್ತೆ” ಅಂತ ಅಡುಗೆಮನೆಯಿಂದ ಉತ್ತರ ಬಂತು.

ಮತ್ತೆ ಪೆನ್‌ಡ್ರೈವ್ ಚುಚ್ಚಿ ಗ್ರಬ್ಬನ್ನು ಎಬ್ಬಿಸಿದೆ. ಅದು ‘ಗ್ರಬ್’ ಎಂದು ಬರೆದು, ಮುಂದೊಂದು ಬಾಣದ ಗುರುತು ಹಾಕಿ, ಇನ್ನು ನಿನ್ನ ಹಣೆಬರಹ ಅಂತ ಕೂತಿತು. ಕರ್ನೆಲ್ ಎಲ್ಲಿದೆ, ಯಾವ ಪಾರ್ಟಿಷನ್ನು, ಎಲ್ಲ ನಾನೇ ಟೈಪಿಸಬೇಕು. ಜೊತೆಗೆ ಆ ಪರದೆಯನ್ನು ಕಾರ್ಖಾನೆಯಲ್ಲಿ ಕೂರಿಸಿದ್ದೇ ಉದ್ದಕ್ಕೆ. ಹಬ್, ಕೀಬೋರ್ಡು ಎಲ್ಲ ನೇತಾಡುವ ಟ್ಯಾಬ್ಲೆಟ್ಟನ್ನು ಎತ್ತಿ ನಿಲ್ಲಿಸುವಂತಿಲ್ಲ. ಆದ್ದರಿಂದ ಅಕ್ಷರಗಳೆಲ್ಲ ಅಡ್ಡ. ಕುತ್ತಿಗೆಯನ್ನು ಎಡಭುಜಕ್ಕೆ ಒರಗಿಸಿಕೊಂಡು, ಬ್ಯಾಟರಿ ಆರುವ ಮೊದಲು, ಡಿಸ್ಕಿನ ಸಂಖ್ಯೆ ಸೊನ್ನೆಯೋ ಒಂದೋ ಎಂದು ಪರೀಕ್ಷಿಸುತ್ತಿದ್ದೆ. ಹಾಲಿನವನು ದುಡ್ಡಿಗೆ ಬಂದವನು ನೋಡಿ, ಕುತ್ತಿಗೆ ಉಳುಕಿಗೆ ಒಳ್ಳೆಯ ಎಣ್ಣೆಯ ಹೆಸರು ಹೇಳಿ ಹೋದ.

ಕೊನೆಗೂ ಲಿನಕ್ಸ್ ಎದ್ದಿತು. ಒಳಗಿನಿಂದಲೇ 32 ಬಿಟ್ಟಿನ ಗ್ರಬ್ ಹಾಕಿದೆ. ಅಜ್ಜನಿಗೆ ಮರೆವು ಬೇರೆ. ಹೊಸ ವಿಳಾಸ ಬರೆದುಕೊಟ್ಟರೆ ಮರುದಿನಕ್ಕೆ ನೆನಪಿಲ್ಲ. ಹಾಗಾಗಿ ಅವರು ಬಾಲ್ಯದಿಂದ ಬಲ್ಲ ಒಂದೇ ವಿಳಾಸದಲ್ಲಿ, ‘ಬೂಟ್‌ಐಎ32’ ಎಂಬ ಹೆಸರಿನಲ್ಲೇ ಅದನ್ನು ಕೂರಿಸಿದೆ. ನಾಲ್ಕನೇ ಭಾನುವಾರ ಸಂಜೆ ಟ್ಯಾಬ್ಲೆಟ್ಟು ಒಂದು ನಿಮಿಷದೊಳಗೆ ಎದ್ದು ನಿಂತಿತು. ಸಾರಿ, ಎದ್ದು ಮಲಗಿತು. ಓಲಾಟ ಅಳೆಯುವ ಸೆನ್ಸರಿಗೆ ದಿಕ್ಕು ತಪ್ಪಿತ್ತು. ಟ್ಯಾಬ್ಲೆಟ್ಟನ್ನು ಹೇಗೆ ತಿರುಗಿಸಿದರೂ ಚಿತ್ರವೂ ಅಷ್ಟೇ ತಿರುಗಿ ಮತ್ತೆ ಅಡ್ಡಡ್ಡ. ಸೌಂಡ್ ಡ್ರೈವರ್ ಇಲ್ಲದೆ ದನಿಯೂ ಇಲ್ಲ.

“ಮುಂದಿನ ವಾರ ಅರ್ಧ ಗಂಟೆ...” ಅಂತ ಶುರುಮಾಡಿದವನು ಹೆಂಡತಿಯ ಮುಖ ನೋಡಿ ನಿಲ್ಲಿಸಿದೆ.

ಅಮ್ಮ ಮಾತ್ರ “ಅಡ್ಡಿಲ್ಲೆ ಬಿಡು” ಎಂದು ಟ್ಯಾಬ್ಲೆಟ್ಟನ್ನು ದಿಂಬಿಗೆ ಒರಗಿಸಿ, ಮಂಚದ ಮೇಲೆ ಮಗ್ಗುಲಾಗಿ ಮಲಗಿ, ಗದಾಯುದ್ಧ ಹಚ್ಚಿದಳು. ಭಾಗವತರ ಪದಗಳೆಲ್ಲ ಬಾಯಿಪಾಠ. ತಾನೇ ಗುನುಗಿಕೊಂಡು ಆಟ ಸಾಗಿಸಿದಳು. ಮಗಳು ಪಕ್ಕದಲ್ಲಿ ನೆಟ್ಟಗೆ ಕೂತು ನೋಡಿ ಕೂಗಿದಳು: “ಅಪ್ಪಾ, ಭೀಮ ಇನ್ನೂ ಹೊಡೆದೇ ಇಲ್ಲ, ಕೌರವ ಆಗಲೇ ಮಲಗಿದ್ದಾನೆ!”

ಸ್ವಲ್ಪ ಹೊತ್ತಿನಲ್ಲಿ ತೊಡೆ ಮುರಿಯಿತು. ಕೌರವ ಎದ್ದು ನಿಂತ.