ಪಂಚತಾಲ್ಲೂಕು ಕಾಲಮೀಮಾಂಸೆ

ಸೃಷ್ಟಿ ಯಾವಾಗ ಆಯಿತೆಂಬುದರ ಬಗ್ಗೆ ಪುರಾಣಗಳಲ್ಲಿ ಒಮ್ಮತವಿಲ್ಲ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಪಂಡಿತರಲ್ಲಿ ಇದೆ: 1970ರ ಜನವರಿ 1, ಗ್ರೀನಿಚ್ಚಿನ ನಡುರಾತ್ರಿ. ಟೈಮ್‌ಸ್ಟ್ಯಾಂಪೆಂದರೆ ಅಲ್ಲಿಂದೀಚೆಗೆ ಎಣಿಸಿದ ಸೆಕೆಂಡುಗಳು. ಆ ಸೊನ್ನೆಯ ಕ್ಷಣದಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಬೆಳಗಿನ ಐದೂವರೆ. ಆದ್ದರಿಂದ ಈ ಐದು ತಾಲ್ಲೂಕುಗಳ ಮಟ್ಟಿಗೆ ಸೃಷ್ಟಿ ನಡೆದದ್ದು ಮೊದಲ ಚಹಾದ ಹೊತ್ತಿಗೆ ಎಂಬುದೇ ಪ್ರಥಮ ಸಿದ್ಧಾಂತ.

ಪ್ರಮಾಣ ಬೇಕೆನ್ನುವವರು ಹಡಗಲಿಯಿಂದ ಹರಪನಹಳ್ಳಿಗೆ ಬಸ್ಸು ಹತ್ತಲಿ. ಒಂದು ತಾಸು ಹಿಡಿಯಿತೆನ್ನೋಣ. ಇಳಿದ ಟೈಮ್‌ಸ್ಟ್ಯಾಂಪಿನಲ್ಲಿ ಹತ್ತಿದ್ದನ್ನು ಕಳೆದರೆ 3600. ಈ ಅವಧಿಯನ್ನೇ ಗಡಿಯಾರದ ಹೊತ್ತೆಂದು ಭ್ರಮಿಸಿ ‘ಫ್ರಮ್‌ಟೈಮ್‌ಸ್ಟ್ಯಾಂಪ್’ಗೆ ಒಪ್ಪಿಸಿದರೆ, ಭಾರತೀಯ ಸಮಯವಿಟ್ಟ ಕಂಪ್ಯೂಟರು 06:30 ಎನ್ನುತ್ತದೆ. ಬಸ್ಸು ಎಲ್ಲೂ ಕೆಟ್ಟು ನಿಂತಿರಲಿಲ್ಲ. ಸೃಷ್ಟಿಯ ಐದೂವರೆ ತಾಸು ಟಿಕೇಟಿಲ್ಲದೆ ಹತ್ತಿ ಕೂತಿತ್ತು. ಅವಧಿಗೆಂದೇ ‘ಟೈಮ್‌ಡೆಲ್ಟಾ’ ಇದೆಯಲ್ಲ ಎಂದು ಪೂರ್ವಪಕ್ಷ. ಇದೆ. ಆದರೆ ಅದನ್ನು ಬಳಸಿದರೆ ಮೀಮಾಂಸೆಗೆ ಕೆಲಸವೇ ಉಳಿಯುವುದಿಲ್ಲ.

ಇನ್ನು ಅಕ್ಷರಭೇದ. ಪೈಥಾನಿನಲ್ಲಿ ಶೇಕಡಾ ಚಿಹ್ನೆಯ ಮುಂದೆ ದೊಡ್ಡ ‘ಎಂ’ ಬರೆದರೆ ನಿಮಿಷ, ಚಿಕ್ಕದು ಬರೆದರೆ ತಿಂಗಳು. ತಪ್ಪಿ ಚಿಕ್ಕದನ್ನು ಬರೆದರೆ, ಮಾರ್ಚ್ ಪೂರ್ತಿ ಕೂಡ್ಲಿಗಿಯ ಬಸ್ಸುಗಳೆಲ್ಲ ಗಂಟೆ ಹೊಡೆದು ಮೂರು ನಿಮಿಷಕ್ಕೇ ಹೊರಡುತ್ತವೆ. ಏಪ್ರಿಲ್ ಬಂತೋ, ನಾಲ್ಕಕ್ಕೆ. ಪಿಎಚ್‌ಪಿ ಪಂಥದಲ್ಲಿ ನಿಮಿಷಕ್ಕೆ ‘ಐ’. ಯಾಕೆಂದು ಕೇಳಬಾರದು. ಜಾವಾಸ್ಕ್ರಿಪ್ಟಿನವರು ಮಿಲಿಸೆಕೆಂಡುವಾದಿಗಳು, ಸೆಕೆಂಡಿನ ಲೆಕ್ಕ ಹಾಗೇ ಕೊಟ್ಟರೆ 2024ರ ಜಾತ್ರೆಯನ್ನು 1970ರ ಜನವರಿಯಲ್ಲಿ ಮಾಡಿ ಮುಗಿಸುತ್ತಾರೆ.

ಕೊಟ್ಟೂರೇಶ್ವರನ ತೇರಿಗೆ ಮೂಲಾ ನಕ್ಷತ್ರ ಕೂಡಬೇಕು. ಗಂಟೆಗೆ, ನಿಮಿಷಕ್ಕೆ, ವರ್ಷದ ಎಷ್ಟನೇ ದಿನವೆಂಬುದಕ್ಕೂ ಅಕ್ಷರವಿಟ್ಟ ಪೈಥಾನಿನ ‘ಎಸ್‌ಟಿಆರ್‌ಎಫ್‌ಟೈಮ್’ ನಕ್ಷತ್ರಕ್ಕೆ ಒಂದನ್ನೂ ಇಟ್ಟಿಲ್ಲ. ದೊಡ್ಡ ಲೋಪ.

ಇನ್ನು ಸ್ಥಳಭೇದ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಕಂಪ್ಯೂಟರಿಗೆ ಸುದ್ದಿಯೇ ಮುಟ್ಟಿಲ್ಲ. ಅದರ ಕಾಲವಲಯಗಳ ಕಡತದಲ್ಲಿ ಐದೂ ಊರು ‘ಏಷ್ಯಾ/ಕೋಲ್ಕತಾ’. ಭಾರತೀಯ ಸಮಯದ ರೇಖೆ ಪೂರ್ವಕ್ಕೆ 82.5 ಡಿಗ್ರಿಯಲ್ಲಿದೆ, ಈ ಊರುಗಳು 76ರ ಆಸುಪಾಸಿನಲ್ಲಿ. ಹಾಗಾಗಿ ಇಲ್ಲಿನ ಸೂರ್ಯ ಗಡಿಯಾರಕ್ಕಿಂತ ಸುಮಾರು 25 ನಿಮಿಷ, ಅಂದರೆ ಒಂದು ಗಳಿಗೆಯ ಮೇಲೆ ಚೂರು, ತಡ. ಅದೇ ಕಡತಕ್ಕೆ 1900ರ ದಿನಾಂಕ ಕೊಟ್ಟರೆ ಗ್ರೀನಿಚ್ಚಿಗಿಂತ 5 ತಾಸು 21 ನಿಮಿಷ 10 ಸೆಕೆಂಡು ಮುಂದೆ ಎನ್ನುತ್ತದೆ. ಅದು ಮದ್ರಾಸ್ ಸಮಯ! ಕೋಲ್ಕತಾ ಎಂದು ಕೇಳಿದರೆ ಮದ್ರಾಸು ಬರುವುದು ವಿಚಿತ್ರ. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಈ ಸೀಮೆಗಂತೂ ನ್ಯಾಯವೇ.

ಕೊನೆಯ ಸಮಸ್ಯೆ ಜಾತಕದ್ದು. ಯುದ್ಧಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ದೇಶದ ಗಡಿಯಾರ ಒಂದು ತಾಸು ಮುಂದಿತ್ತು. 1943ರಲ್ಲಿ ಕೂಡ್ಲಿಗಿಯಲ್ಲಿ ಹುಟ್ಟಿದವರ ಟೈಮ್‌ಸ್ಟ್ಯಾಂಪು ಋಣಸಂಖ್ಯೆ. ಕಡತವನ್ನು ನಂಬಿದ ಸ್ಕ್ರಿಪ್ಟು ಅದಕ್ಕೆ ಆರೂವರೆ ತಾಸು ಕೂಡಿಸಿ ಅಂದಿನ ಗೋಡೆ ಗಡಿಯಾರದ ಹೊತ್ತನ್ನೇ ತೋರಿಸುತ್ತದೆ, ಜೋಯಿಸರು ಅದರಿಂದ ಒಂದು ತಾಸು ಕಳೆದು ಲಗ್ನ ಹಾಕುತ್ತಾರೆ. ಸ್ಕ್ರಿಪ್ಟು ಬರೆದವನು ಕಡತದ ಗೊಡವೆ ಬೇಡವೆಂದು ಕೈಯಾರೆ ಐದೂವರೆ ಕೂಡಿಸಿ, ಜೋಯಿಸರೂ ರೂಢಿಯಂತೆ ಒಂದು ತಾಸು ಕಳೆದರೆ, ಕೂಸು ತಾಯಿಗೆ ಬೇನೆ ಬರುವ ಮೊದಲೇ ಹುಟ್ಟಿಬಿಡುವ ಸಂಭವವಿದೆ.