ಬ್ಯಾಕಪ್ಪು ರಾಯರು

ಹೆಬ್ಬಾಳದ ಮೇಲುಸೇತುವೆಯ ಗದ್ದಲ ಕಿವಿಗೆ ಬೀಳುವಷ್ಟು ಹತ್ತಿರವೂ, ಕೆರೆಯ ಮೇಲಣ ಗಾಳಿ ಮೈಗೆ ತಾಕುವಷ್ಟು ಸಮೀಪವೂ ಆದ ನಮ್ಮ ಬಡಾವಣೆಯಲ್ಲಿ, ನಿವೃತ್ತಿವೇತನವನ್ನು ನಂಬಿದ ಸಜ್ಜನರ ಪೈಕಿ ಕೆಲವರು ಯೋಗಾಸನವನ್ನೂ, ಕೆಲವರು ಭಜನೆಯನ್ನೂ, ಮತ್ತೆ ಕೆಲವರು ಸೊಸೆಯಂದಿರ ದೋಷಗಳನ್ನೂ ಆಶ್ರಯಿಸಿ ಕಾಲಯಾಪನೆ ಮಾಡುತ್ತಿರಲಾಗಿ, ಒಬ್ಬರು ಮಾತ್ರ ತಮ್ಮ ಹಳೆಯ ಮಿಂಚಂಚೆಗಳ ಸಂರಕ್ಷಣೆಯನ್ನೇ ವಾನಪ್ರಸ್ಥಧರ್ಮವೆಂದು ಸ್ವೀಕರಿಸಿದ್ದಾರೆ. ಹೆತ್ತವರು ಇಟ್ಟ ಹೆಸರು ಅವರಿಗೂ ಉಂಟು. ಆದರೆ ಹಾಲಿನ ಹುಡುಗನಿಂದ ಹಿಡಿದು ನಿವಾಸಿಗಳ ಸಂಘದ ಅಧ್ಯಕ್ಷರವರೆಗೆ ಸಕಲರೂ ಕರೆಯುವುದು ಬ್ಯಾಕಪ್ಪು ರಾಯರೆಂದೇ.

ಕಚೇರಿಯಲ್ಲಿದ್ದಷ್ಟು ಕಾಲವೂ ರಾಯರು ಕಾರ್ಬನ್ ಹಾಳೆಯಿಲ್ಲದೆ ಒಂದು ರಜಾಚೀಟಿಯನ್ನಾದರೂ ಬರೆದವರಲ್ಲ. ಮೂಲ ಪ್ರತಿ, ಕಚೇರಿ ಪ್ರತಿ, ಸ್ವಂತ ಪ್ರತಿ ಎಂಬ ತ್ರಿಮೂರ್ತಿಗಳಲ್ಲಿ ಅವರಿಗಿದ್ದ ಶ್ರದ್ಧೆ ಇನ್ನೊಂದು ತ್ರಿಮೂರ್ತಿಗಳಲ್ಲಿಯೂ ಇತ್ತೆಂದು ನಾನು ಪ್ರಮಾಣಮಾಡಿ ಹೇಳಲಾರೆ. ನಮ್ಮ ದೇಶದ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ರಾಯರ ಮನೆಗೆ ಅದು ಬಂದದ್ದು ಅದಾದ ನಾಲ್ಕು ವರ್ಷಗಳ ಮೇಲೆ, ಮಗ ಅಮೆರಿಕಕ್ಕೆ ಹೊರಡುವ ಸಿದ್ಧತೆಯಲ್ಲಿದ್ದಾಗ. ಆ ಕಾಲದ ಸಂಪರ್ಕವೆಂದರೆ ಟೆಲಿಫೋನಿನ ತಂತಿಯ ಮೂಲಕ, ಮೋಡೆಮ್ಮು ಎಂಬ ಪೆಟ್ಟಿಗೆಯ ಆರ್ತನಾದದೊಡನೆ, ಗಂಟೆಯ ಲೆಕ್ಕದಲ್ಲಿ ಹಣ ತೆತ್ತು ಪಡೆಯತಕ್ಕದ್ದಾಗಿತ್ತು. ಆದಕಾರಣ ಬುದ್ಧಿವಂತರು ತಂತಿ ಸೇರಿಸಿ, ಬಂದ ಕಾಗದಗಳನ್ನೆಲ್ಲ ಒಮ್ಮೆಗೇ ಮನೆಯ ಯಂತ್ರಕ್ಕೆ ಇಳಿಸಿಕೊಂಡು, ತಂತಿ ಕಿತ್ತು, ಅನಂತರ ಸಾವಕಾಶವಾಗಿ ಓದುತ್ತಿದ್ದರು. ಪುಕ್ಕಟೆಯ ಹಾಟ್‌ಮೇಲ್ ಆಗ ಕೊಡುತ್ತಿದ್ದ ಜಾಗ 2 ಎಂ.ಬಿ. ಮಾತ್ರ, 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿ.ಬಿ. ಕೊಡುವೆನೆಂದಾಗ, ತಾರೀಖನ್ನು ನೋಡಿ ಅದು ಪರಿಹಾಸ್ಯವೆಂದು ನಕ್ಕವರಲ್ಲಿ ರಾಯರೂ ಒಬ್ಬರು. ಹೀಗೆ ದೂರದ ಅಂಚೆಮನೆಯಲ್ಲಿ ಏನೂ ಉಳಿಯದೆ, ಇದ್ದ ಒಂದೇ ಪ್ರತಿ ಹೆಬ್ಬಾಳದ ಆ ಯಂತ್ರದ ಹೊಟ್ಟೆಯಲ್ಲಿ ಮಾತ್ರ ಇದೆಯೆಂಬ ಅರಿವು, ತ್ರಿಪ್ರತಿವ್ರತಸ್ಥರಾದ ರಾಯರ ನಿದ್ರೆಯನ್ನು ಅಪಹರಿಸಿತು.

ಅಂದಿನಿಂದ ಪ್ರತಿ ಭಾನುವಾರ, ಅಭ್ಯಂಜನಕ್ಕೆ ಮುಂಚೆ, ಬ್ಯಾಕಪ್ಪು. ಮೊದಲು ಫ್ಲಾಪಿ, ಆಮೇಲೆ ಸಿ.ಡಿ., ಆ ಮೇಲೆ ಪೆನ್ ಡ್ರೈವು. ಸಿ.ಡಿ.ಗಳ ಮೇಲೆ ದುಂಡಕ್ಷರದಲ್ಲಿ ‘ಮುಖ್ಯ’, ‘ಅತಿ ಮುಖ್ಯ’, ‘ಅಂತಿಮ’, ‘ಅಂತಿಮ–2’, ‘ನಿಜವಾದ ಅಂತಿಮ’ ಎಂಬ ಶೀರ್ಷಿಕೆಗಳು. ಇಷ್ಟು ಸಾಲದೆಂದು ಅವರು ತಮಗೆ ಬಂದ ಕಾಗದವನ್ನು ತಮಗೇ ಮತ್ತೊಮ್ಮೆ ಕಳುಹಿಸಿಕೊಳ್ಳುವ ಪದ್ಧತಿಯನ್ನೂ ಇಟ್ಟುಕೊಂಡಿದ್ದರು. ಓದುತ್ತಿದ್ದರೆ? ಆ ಪ್ರಶ್ನೆಯನ್ನು ಒಮ್ಮೆ ನಾನು ಕೇಳಿ ಪೆಟ್ಟುತಿಂದಿದ್ದೇನೆ. “ಓದೋದಕ್ಕೇನು ಸ್ವಾಮಿ, ಯಾವಾಗ ಬೇಕಾದರೂ ಓದಬಹುದು. ಇರಬೇಕಲ್ಲ ಮೊದಲು!”

ಎಕ್ಸ್‌ಪಿ ಎಂಬ ವಿಂಡೋಸಿಗೆ ಅದರ ಕರ್ತರೇ 2014ರ ಏಪ್ರಿಲಿನಲ್ಲಿ ತಿಲೋದಕ ಬಿಟ್ಟರಾದರೂ ರಾಯರು ಬಿಡಲಿಲ್ಲ. ಹೊಸ ಯಂತ್ರ ಬಂದ ಮೇಲೂ ಹಳೆಯದು ಮೂಲೆಯಲ್ಲಿ ಕುಲದೇವರಂತೆ ಸ್ಥಾಪಿತವಾಗಿತ್ತು. ಕಳೆದ ಆಯುಧಪೂಜೆಯಂದು ಕುಂಕುಮ, ಸೇವಂತಿಗೆ, ಊದುಬತ್ತಿಗಳಿಂದ ಅರ್ಚನೆಗೊಂಡ ಆ ದೈವತ, ಮರುದಿನ ಗುಂಡಿ ಒತ್ತಿದರೆ ಉಸಿರೆತ್ತಲಿಲ್ಲ. ಬಿಚ್ಚಿ ನೋಡಲಾಗಿ, ವಿದ್ಯುತ್ ಪೂರೈಸುವ ಪೆಟ್ಟಿಗೆಯೊಳಗೆ ಒಂದು ಹಲ್ಲಿ ಪ್ರಾಣ ಬಿಟ್ಟು, ಯಂತ್ರದ ಪ್ರಾಣವನ್ನೂ ತೆಗೆದಿತ್ತು. “ಚಿಂತೆಯಿಲ್ಲ, ಹನ್ನೊಂದು ಪ್ರತಿ ಇದೆ,” ಎಂದು ರಾಯರು ಪೆನ್ ಡ್ರೈವನ್ನು ಹೊಸ ಯಂತ್ರಕ್ಕೆ ಚುಚ್ಚಿದರು, ಏನೂ ತೆರೆಯಲಿಲ್ಲ. ಇನ್ನೊಂದನ್ನು ಚುಚ್ಚಿದರು. ಹನ್ನೊಂದನೆಯದೂ ತೆರೆಯದಾದಾಗ, ಕೈಕಾಲು ತಣ್ಣಗಾದ ರಾಯರೊಡನೆ ನಾನು ಸಾದರ ಪತ್ರಪ್ಪ ರಸ್ತೆಗೆ, ಎಂದರೆ ಜನ ಎಸ್.ಪಿ. ರೋಡ್ ಎನ್ನುವ ಕಂಪ್ಯೂಟರ್ ಪೇಟೆಗೆ, ಹೊರಡಬೇಕಾಯಿತು. ಪತ್ರ ಕಳೆದುಕೊಂಡವರು ಪತ್ರಪ್ಪನ ಮೊರೆಹೊಗುವುದು ನ್ಯಾಯವೇ ಸರಿ.

ಅಲ್ಲಿಯ ಕಿಷ್ಕಿಂಧೆಯಂತಹ ಅಂಗಡಿಯೊಂದರಲ್ಲಿ ಮೀಸೆ ಮೂಡದ ಹುಡುಗನೊಬ್ಬ ಪೆನ್ ಡ್ರೈವನ್ನು ನೋಡಿ, ರೋಗಿಯ ನಂಟರಿಗೆ ಹೇಳುವ ವೈದ್ಯನ ಕನಿಕರದಿಂದ ಹೇಳಿದ: “ಅಂಕಲ್, ಇದು ಶಾರ್ಟ್‌ಕಟ್. ಇದು ಮನೆ ಅಲ್ಲ, ಮನೆಗೆ ದಾರಿ ತೋರಿಸೋ ಬೋರ್ಡು. ಬರೀ 1 ಕೆ.ಬಿ. ಇದೆ ನೋಡಿ.” ಹದಿನೈದು ವರ್ಷಗಳ ಭಾನುವಾರಗಳಲ್ಲಿ ರಾಯರು ಭಕ್ತಿಯಿಂದ ಎಳೆದು ತಂದು ಪ್ರತಿ ಮಾಡಿದ್ದು ಪರದೆಯ ಮೇಲಿನ ಲಕೋಟೆಯ ಚಿತ್ರವನ್ನು, ಕಾಗದಗಳನ್ನಲ್ಲ. ಪಾಪ, ಅವರನ್ನು ನೋಡಿ ನಗುವುದು ಸುಲಭ. ಆದರೆ ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಆ ಕಾಲದ ಅಂಚೆಯಾಳು ಕಾಗದಗಳನ್ನು ಇಡುತ್ತಿದ್ದ ಜಾಗವಾದರೂ ಎಂತಹದು! ಕಡತದೊಳಗೆ ಕಡತ, ಅದರೊಳಗೆ ಕಣ್ಣಿಗೆ ಕಾಣದಂತೆ ಬಚ್ಚಿಟ್ಟ ಇನ್ನೊಂದು, ಅದರೊಳಗೆ ಪುಷ್ಪಾವರಣದಲ್ಲಿ 32 ಅಂಕಾಕ್ಷರಗಳ ಹೆಸರುಳ್ಳ ಮತ್ತೊಂದು. ಏಳು ಸಮುದ್ರದಾಚೆಯ ಗಿಣಿಯೊಳಗೆ ಮಾಂತ್ರಿಕನ ಜೀವವಿರುವಂತೆ, ಅಲ್ಲಿ ಡಿ.ಬಿ.ಎಕ್ಸ್. ಎಂಬ ಬಾಲದ ಪೆಟ್ಟಿಗೆಗಳು. ಒಂದೊಂದೂ 2 ಜಿ.ಬಿ. ದಾಟುವ ಹಾಗಿಲ್ಲ.

ದೈವವಶಾತ್ ಹಲ್ಲಿಯ ಪ್ರತಾಪ ಹಾರ್ಡ್ ಡಿಸ್ಕನ್ನು ಮುಟ್ಟಿರಲಿಲ್ಲ. ಹುಡುಗ ಅದನ್ನು ಹೊರಗೆಳೆದು, ಯು.ಎಸ್.ಬಿ. ತಂತಿಯೊಂದಕ್ಕೆ ಕಟ್ಟಿ, ಅಡಗಿದ ಕಡತಗಳು ಕಾಣುವಂತೆ ಮಾಡಿ, ಗಿಣಿಯನ್ನು ಹಿಡಿದೇಬಿಟ್ಟ. ಪೆಟ್ಟಿಗೆಗಳನ್ನು ಒಡೆದು, ಪ್ರತಿಯೊಂದು ಕಾಗದವನ್ನೂ ಯಾವ ಯಂತ್ರದಲ್ಲಾದರೂ ತೆರೆಯಬಹುದಾದ ಇ.ಎಂ.ಎಲ್. ಎಂಬ ಸರಳ ಪಠ್ಯದ ಬಿಡಿಪತ್ರವಾಗಿ ಬಿಡಿಸಿಕೊಟ್ಟ. ಉಸಿರು ಬಿಗಿಹಿಡಿದು ರಾಯರು ತೆರೆದ ಮೊದಲನೆಯ ಪತ್ರ ರಾಯರಿಂದ ರಾಯರಿಗೆ: “ಪರೀಕ್ಷಾರ್ಥ. ತಲುಪಿದರೆ ತಿಳಿಸುವುದು.” ಎರಡನೆಯದೂ ರಾಯರಿಂದಲೇ: “ತಲುಪಿದೆ.”

ಮೂರನೆಯದು ಮಗನದು. ಆದರೆ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರ, ಪೌಂಡಿನ ಗುರುತು, ಪ್ರಶ್ನಾರ್ಥಕಗಳ ಕಲಸುಮೇಲೋಗರ. ಯೂನಿಕೋಡು ರೂಢಿಗೆ ಬರುವುದಕ್ಕೆ ಮುಂಚಿನ ‘ಬರಹ’ ತಂತ್ರಾಂಶದ ಅಕ್ಷರಜಾತಿಯಲ್ಲಿ ಬರೆದದ್ದು. ಆ ಫಾಂಟು ಇಲ್ಲದ ಯಂತ್ರಕ್ಕೆ ಅದು ಪೈಶಾಚೀ ಭಾಷೆ. ಮನೆಗೆ ಬಂದು ರಾಯರು ತಲೆಯ ಮೇಲೆ ಕೈಹೊತ್ತು ಕುಳಿತಿರಲು, ಕಾಫಿ ತಂದ ಅವರ ಮನೆಯವರು ತಾರೀಖನ್ನಷ್ಟೇ ನೋಡಿ ಹೇಳಿದರು: “ಅವನು ಅಲ್ಲಿಗೆ ಹೋದ ಮೂರನೇ ವಾರದ್ದು ರೀ. ಸಾರಿನಪುಡಿ ಮುಗೀತು, ಮೆಣಸಿನಕಾಯಿ ಎಷ್ಟು ಹಾಕಬೇಕು ಅಂತ ಕೇಳಿದ್ದ. ಚಳಿ ಅಂತ ಬರೀಲಿಲ್ಲ. ಕಂಬಳಿ ಅಂತ ಮಾತ್ರ ಎರಡು ಸಲ ಬರೆದಿದ್ದ.” ಎರಡು ದಿನಗಳ ತರುವಾಯ ಪರಿವರ್ತಕ ತಂತ್ರಾಂಶವೊಂದರಿಂದ ಅದನ್ನು ಓದಿಸಿದೆವು. ಕಂಬಳಿ ಎರಡೇ ಸಲ ಇತ್ತು.

ಇದರಿಂದ ರಾಯರು ಯಾವ ಪಾಠವನ್ನಾದರೂ ಕಲಿತರೆಂದು ಭಾವಿಸಬೇಡಿ. ಗಂಗರ ಶ್ರೀಪುರುಷನ ಕಾಲದ್ದೆನ್ನುವ, ನಮ್ಮೂರನ್ನು ಪೆರ್ಬೊಳಲ್ ಎಂದು ಕರೆಯುವ, ಕಿತ್ತಯ್ಯನ ವೀರಗಲ್ಲು ಇಲ್ಲಿಯೇ 2018ರಲ್ಲಿ ಮಣ್ಣಿನಿಂದ ಮೇಲೆದ್ದಿತಷ್ಟೆ. ಬೆಳಗಿನ ಸಂಚಾರದಲ್ಲಿ ಅದರ ಮುಂದೆ ನಿಂತು, “ಸಾವಿರದ ಇನ್ನೂರು ವರ್ಷ ಸ್ವಾಮಿ! ಒಂದು ವೈರಸ್ಸಿಲ್ಲ,” ಎಂದರು. ಕಲ್ಲಿಗೂ ಈಗ ಮಿಥಿಕ್ ಸೊಸೈಟಿಯವರು ಮೂರು ಆಯಾಮದ ಸ್ಕ್ಯಾನು ಮಾಡಿಸಿ ಪ್ರತಿ ಇಟ್ಟಿದ್ದಾರೆಂದು ನಾನು ಬಾಯಿತಪ್ಪಿ ನುಡಿದೆ. ಅದೇ ನನ್ನ ತಪ್ಪು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪರಸ್ಥಳದಲ್ಲಿ ಎಂಬ ತಜ್ಞರ ಸೂತ್ರವನ್ನು ಅವರು ಎಲ್ಲಿಯೋ ಓದಿದ್ದರು. ಪರಸ್ಥಳವೆಂದರೆ ನಮ್ಮ ಮನೆಯೆಂದು ಅಲ್ಲಿಯೇ ನಿಶ್ಚಯವಾಯಿತು.

ಈಗ ನನ್ನಾಕೆಯ ರೇಷ್ಮೆ ಸೀರೆಗಳ ಕೆಳಗೆ ರಾಯರ ಡಿಸ್ಕು ಮಲಗಿದೆ. ಪ್ರತಿ ತಿಂಗಳ ಮೊದಲನೆಯ ತಾರೀಖು ಅವರು ಬಂದು, ಅದನ್ನು ಕಿವಿಯ ಬಳಿ ಹಿಡಿದು ಮೆಲ್ಲನೆ ಅಲ್ಲಾಡಿಸಿ, “ಸದ್ದಿಲ್ಲ, ಆರೋಗ್ಯವಾಗಿದೆ,” ಎಂದು ಕಾಫಿ ಕುಡಿದು ಹೋಗುವರು. ಡಿಸ್ಕಿಗೆ ರಾಯರ ಹಳೆಯ ಗುಪ್ತಪದದ ಬೀಗವುಂಟು. ಗುಪ್ತಪದವನ್ನು ಬರೆದದ್ದು ಅವರ ಅಡಿಗೆಮನೆಯಲ್ಲಿರುವ 2009ರ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಬೆನ್ನಿಗೆ. ಆ ಕಾರಣದಿಂದ ಅಂದಿನಿಂದ ಇಂದಿನವರೆಗಿನ ಕ್ಯಾಲೆಂಡರುಗಳೆಲ್ಲ ಅದರ ಮೇಲೆಯೇ, ಒಂದೇ ಮೊಳೆಗೆ, ಒಂದರ ಮುಂದೊಂದು ತೂಗುತ್ತಿವೆ. ಮೊನ್ನೆ ಆ ಮೊಳೆ ಭಾರ ತಾಳದೆ ಕಿತ್ತುಬಂದಿತಂತೆ. ಸಂಜೆಯೇ ರಾಯರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಆ ಕ್ಯಾಲೆಂಡರಿನ ಬೆನ್ನಿನ ಜೆರಾಕ್ಸು, ಮೂರು ಹಾಳೆ. ನಡುವಿನದನ್ನು ಎಳೆದು ನನಗಿತ್ತು, “ಇದು ಕಚೇರಿ ಪ್ರತಿ, ಡಿಸ್ಕಿನ ಜೊತೆಯಲ್ಲೇ ಇಟ್ಟುಬಿಡಿ,” ಎಂದರು.